ಪರಿವರ್ತಕಕ್ಕೆ ತಕ್ಕ ಫಲಕ

ಕೊಡಗಿನ ಉತ್ತರದಂಚಿನಲ್ಲಿ, ಹಿಂದೆ ಏಳುಸಾವಿರ ಸೀಮೆಯೆಂದು ಹೆಸರಾಗಿದ್ದ ನಾಡಿನೊಳಗೆ, ಸೋಮವಾರಪೇಟೆಗೂ ಕೊಡ್ಲಿಪೇಟೆಗೂ ನಡುವೆ ನೆಲೆಗೊಂಡಿರುವ ಶನಿವಾರಸಂತೆಯ ಸುತ್ತಿನಲ್ಲಿ, ತನ್ನ ತೋಟಕ್ಕೆಂದೇ ಒಂದು ವಿದ್ಯುತ್ ಪರಿವರ್ತಕವನ್ನು ನಿಲ್ಲಿಸಿಕೊಳ್ಳಲು ನಿಶ್ಚಯಿಸಿದ ಕಾಫಿ ಬೆಳೆಗಾರನು ಕೇಳುವ ಮೊದಲನೆಯ ಪ್ರಶ್ನೆ ಅದರ ಬೆಲೆಯನ್ನು ಕುರಿತದ್ದಾದರೆ, ಎರಡನೆಯದು ಬಹುಮಟ್ಟಿಗೆ ಇದೇ ಆಗಿರುವುದು: ಈ ಟಿ.ಸಿ.ಗೆ, ಎಂದರೆ ಪರಿವರ್ತಕಕ್ಕೆ, ಎಷ್ಟು ಆಂಪಿಯರಿನ ಬೋರ್ಡು ಬೇಕು? ಪ್ರಶ್ನೆ ಒಂದೇ ವಾಕ್ಯದ್ದಾದುದರಿಂದ ಉತ್ತರವೂ ಒಂದೇ ಅಂಕಿಯಲ್ಲಿ ಬಂದುಬಿಡುವುದು ವಾಡಿಕೆ. ನೂರು ಕೆವಿಎ ಪರಿವರ್ತಕವೇ, ಹಾಗಾದರೆ ಇನ್ನೂರು ಆಂಪಿಯರು ಎಂದು ಒಬ್ಬನು ಹೇಳುವನು. ನೂರ ಅರವತ್ತು ಸಾಕೆಂದು ಇನ್ನೊಬ್ಬನು. ಮುಂದೆ ಹೊರೆ ಬೆಳೆದೀತು, ಇನ್ನೂರೈವತ್ತನ್ನೇ ಹಾಕಿಬಿಡಿ ಎಂದು, ಪರರ ಹಣದಲ್ಲಿ ಉದಾರಿಯಾದ ಮೂರನೆಯವನು. ಮೂವರೂ ಒಂದೇ ಪ್ರವಾಹವನ್ನು ಲಕ್ಷ್ಯದಲ್ಲಿಟ್ಟುಕೊಂಡು ಮಾತನಾಡುತ್ತಿರುವರೆಂಬುದನ್ನು ಗಮನಿಸಬೇಕು. ಪರಿವರ್ತಕವು ತನ್ನ ಪೂರ್ಣಶಕ್ತಿಯಲ್ಲಿ ದುಡಿಯುವಾಗ ಹರಿಯುವ ಪ್ರವಾಹವು ಅದು. ಆದರೆ ಫಲಕವೆಂಬುದು ಮೂರು ಪ್ರವಾಹಗಳಿಗೆ ಉತ್ತರ ಕೊಡಬೇಕಾದ ವಸ್ತು: ದಿನನಿತ್ಯದ ಕೆಲಸದ ಪ್ರವಾಹವೊಂದು, ಪರಿವರ್ತಕದ ಬುಡದಲ್ಲಿಯೇ ತಂತಿಗಳು ಒಂದಕ್ಕೊಂದು ತಗುಲಿದಾಗ ನುಗ್ಗುವ ಅತಿದೊಡ್ಡ ಪ್ರವಾಹವೊಂದು, ಮತ್ತು ತೋಟದ ಕಟ್ಟಕಡೆಯ ಮೂಲೆಯಲ್ಲಿ ದೋಷವುಂಟಾದಾಗ ಸೊರಗಿ ಸೊರಗಿ ಹಿಂದಿರುಗುವ ಅತಿಚಿಕ್ಕ ಪ್ರವಾಹವೊಂದು. ಈ ಮೂರನೆಯದನ್ನು ಕುರಿತು ವಿಚಾರಿಸುವವರು ವಿರಳ. ಮಲೆನಾಡಿನ ತೋಟಗಳಲ್ಲಿ ಭಯಪಡಬೇಕಾದದ್ದು ಅದಕ್ಕೇ ಎಂಬುದು ಈ ಲೇಖಕನ ಅಭಿಪ್ರಾಯ.

ವಿದ್ಯುತ್ತಿನ ವಿಷಯದಲ್ಲಿ ಕನ್ನಡ ನಾಡಿಗೆ ಹೊಸತನದ ನೆವವಿಲ್ಲ. 1902ರಲ್ಲಿಯೇ ಶಿವನಸಮುದ್ರದ ಜಲಪಾತದಿಂದ ಕೋಲಾರದ ಚಿನ್ನದ ಗಣಿಗಳವರೆಗೆ, ತೊಂಬತ್ತು ಮೈಲಿಗೂ ಮಿಕ್ಕ ದೂರ, ಮೂವತ್ತು ಸಾವಿರ ವೋಲ್ಟಿನಷ್ಟು ಒತ್ತಡದಲ್ಲಿ ವಿದ್ಯುತ್ತು ಹರಿದು, ಎರಡು ತುದಿಗಳಲ್ಲಿಯೂ ಪರಿವರ್ತಕಗಳ ಮೂಲಕ ಏರಿ ಇಳಿದದ್ದುಂಟು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. 1933ರಲ್ಲಿ ಮೈಸೂರು ಸರ್ಕಾರವು ಬೆಂಗಳೂರಿನಲ್ಲಿ ಸ್ಥಾಪಿಸಿದ ವಿದ್ಯುತ್ ಕಾರ್ಖಾನೆಯು, ಈಗ ಕವಿಕಾ ಎಂಬ ಹೆಸರಿನಲ್ಲಿ, ಪರಿವರ್ತಕಗಳನ್ನು ಮಾಡುವುದಕ್ಕೇ ಪ್ರಸಿದ್ಧವಾಯಿತು. 1956ರಲ್ಲಿ ಹುಟ್ಟಿದ ಎನ್‌ಜಿಇಎಫ್ ಕಾರ್ಖಾನೆಯು ತಾನು ಮುಚ್ಚಿಹೋದ ಮೇಲೂ ತನ್ನ ಮೋಟಾರುಗಳನ್ನು ಹಳೆಯ ತೋಟಗಳ ಪಂಪುಮನೆಗಳಲ್ಲಿ ದುಡಿಯಲು ಬಿಟ್ಟುಹೋಗಿದೆ. ಅದೇ 1956ರ ನವೆಂಬರಿನವರೆಗೆ ಕೊಡಗು ಪ್ರತ್ಯೇಕ ರಾಜ್ಯವಾಗಿದ್ದಿತು. ಮರುವರ್ಷ ರಚಿತವಾದ ವಿದ್ಯುಚ್ಛಕ್ತಿ ಮಂಡಳಿಯ ಕಾರ್ಯವು 1999ರಲ್ಲಿ ಪ್ರಸರಣ ನಿಗಮಕ್ಕೆ ಬಂದು, 2005ರಿಂದ ಈ ಜಿಲ್ಲೆಯ ವಿತರಣೆಯು ಮೈಸೂರಿನ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಪಾಲಿಗೆ ಸೇರಿದೆ. ಇಷ್ಟು ಇತಿಹಾಸ ಇಲ್ಲಿಗೆ ಸಾಕು.

ಎರಡು ಕಂಬಗಳ ನಡುವೆ ಅಟ್ಟ ಕಟ್ಟಿ ಕೂರಿಸಿದ ಪರಿವರ್ತಕದ ಮೇಲ್ಗಡೆ ಹನ್ನೊಂದು ಸಾವಿರ ವೋಲ್ಟಿನ ಮೂರು ತಂತಿಗಳು, ಅವುಗಳಿಗೆ ಸಿಡಿಲುನಿರೋಧಕಗಳು, ಕೈಹಿಡಿಯಿಂದ ಎಳೆಯುವ ಜಿ.ಒ. ಸ್ವಿಚ್ಚು, ಸುಟ್ಟರೆ ಜೋತುಬೀಳುವ ಡಿ.ಒ. ಫ್ಯೂಸುಗಳು, ಕೆಳಗಡೆ 433 ವೋಲ್ಟಿನ ಮೂರು ಫೇಸುಗಳೂ ಒಂದು ನ್ಯೂಟ್ರಲ್ಲೂ ಹೊರಟು, ನಿಗಮದವರು ಮುದ್ರೆಯೊತ್ತಿದ ಮಾಪಕದ ಪೆಟ್ಟಿಗೆಯನ್ನು ಹಾಯ್ದು ಬೆಳೆಗಾರನ ಫಲಕಕ್ಕೆ ಬಂದು ಸೇರುವುವು. ಫಲಕದಲ್ಲಿ ಮುಖ್ಯವಾದವು ಮೂರೇ: ಒಳಬರುವ ಪ್ರವಾಹವನ್ನು ಕಾಯುವ ದೊಡ್ಡ ಬ್ರೇಕರು, ಅದರ ಹಿಂದೆ ಅಲ್ಯುಮಿನಿಯಮ್ಮಿನ ಅಥವಾ ತಾಮ್ರದ ಬಸ್‌ಬಾರ್ ಪಟ್ಟಿಗಳು, ಆ ಪಟ್ಟಿಗಳಿಂದ ಪಂಪಿಗೆ, ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರಿಗೆ, ಕೂಲಿಗಾರರ ಲೈನ್‌ಮನೆಗಳಿಗೆ, ಬಂಗಲೆಗೆ ಕವಲೊಡೆಯುವ ಚಿಕ್ಕ ಬ್ರೇಕರುಗಳು. ಉಳಿದುದೆಲ್ಲವೂ, ಹಸುರು ಕೆಂಪು ದೀಪಗಳನ್ನೂ ಸೂಚಿಮುಳ್ಳುಗಳನ್ನೂ ಸೇರಿಸಿ, ಇವುಗಳ ಪರಿವಾರ.

ಮೊದಲನೆಯ ಪ್ರವಾಹದ ಗಣಿತವು ಅತ್ಯಂತ ಸರಳವಾದುದು. ಕೆವಿಎಯನ್ನು ಸಾವಿರದಿಂದ ಗುಣಿಸಿ, ಮೂರರ ವರ್ಗಮೂಲದಿಂದಲೂ ವೋಲ್ಟಿನಿಂದಲೂ ಭಾಗಿಸಿದರೆ ಆಂಪಿಯರು ದೊರೆಯುವುದೆಂದು ಪಾಠಪುಸ್ತಕಗಳು ಹೇಳುವುವು. 433 ವೋಲ್ಟಿಗೆ ಈ ಭಾಗಾಕಾರವನ್ನು ಮಾಡಿನೋಡಿದರೆ ಪ್ರತಿಯೊಂದು ಕೆವಿಎಗೂ ಒಂದೂ ಮೂರನೆಯ ಒಂದು ಆಂಪಿಯರು ಬರುವುದರಿಂದ, ಪರಿವರ್ತಕದ ಅಂಕಿಗೆ ಅದರ ಮೂರನೆಯ ಒಂದು ಪಾಲನ್ನು ಕೂಡಿಸಿದರೆ ಲೆಕ್ಕ ಮುಗಿಯಿತು. 25 ಕೆವಿಎಗೆ 33 ಆಂಪಿಯರು, 63ಕ್ಕೆ 84, 100ಕ್ಕೆ 133, 160ಕ್ಕೆ 213, 250ಕ್ಕೆ 333, 500ಕ್ಕೆ 667. ಕಾಗದವಿಲ್ಲದೆ, ಕಂಬದ ಕೆಳಗೆ ನಿಂತೇ, ಲೈನ್‌ಮನ್ ಕೂಡ ಇದನ್ನು ಹೇಳಬಲ್ಲನು.

ತೊಡಕು ಪ್ರಾರಂಭವಾಗುವುದು ಈ ಅಂಕಿಗಳಿಗೆ ಒಪ್ಪುವ ಬ್ರೇಕರನ್ನು ಅಂಗಡಿಯಲ್ಲಿ ಹುಡುಕಿದಾಗ. ಪರಿವರ್ತಕಗಳು 60 ಕೆವಿಎಗೆ ಬದಲಾಗಿ 63ರಲ್ಲಿ, 150ಕ್ಕೆ ಬದಲಾಗಿ 160ರಲ್ಲಿ ದೊರೆಯುವುದೇತಕ್ಕೆಂದು ಯಾರಾದರೂ ಆಶ್ಚರ್ಯಪಟ್ಟಿದ್ದರೆ, ಅದರ ಕಾರಣವು ಹತ್ತೊಂಬತ್ತನೆಯ ಶತಮಾನದ ಫ್ರಾನ್ಸಿನಲ್ಲಿರುವುದು. ಷಾರ್ಲ್ ರೆನಾರ್ ಎಂಬ ಸೇನಾಧಿಕಾರಿ, ಆಕಾಶಬುಟ್ಟಿಗಳನ್ನು ಕಟ್ಟುವ ಹಗ್ಗಗಳ ನೂರಾರು ಗಾತ್ರಗಳ ಗೊಂದಲದಿಂದ ಬೇಸತ್ತು, ಒಂದು ಗಾತ್ರದಿಂದ ಇನ್ನೊಂದಕ್ಕೆ ಸಮಪ್ರಮಾಣದಲ್ಲಿ ಏರುವ ಸಂಖ್ಯಾಶ್ರೇಣಿಯೊಂದನ್ನು ಕಲ್ಪಿಸಿದನು. ಆ ಶ್ರೇಣಿಯಲ್ಲಿ ನೂರರೊಳಗಿನ ಮೆಟ್ಟಿಲುಗಳು 10, 12.5, 16, 20, 25, 31.5, 40, 50, 63, 80 ಎಂದು ಬರುವುವು, ಒಂದೊಂದು ಮೆಟ್ಟಿಲೂ ಹಿಂದಿನದರ ಒಂದೂಕಾಲು ಪಾಲಿಗಿಂತ ಕೊಂಚ ಹೆಚ್ಚು. ಪರಿವರ್ತಕಗಳನ್ನು ಮಾಡುವವರೂ ಬ್ರೇಕರುಗಳನ್ನು ಮಾಡುವವರೂ ಇದೇ ಸೋಪಾನವನ್ನು ಹಿಡಿದಿರುವರು. ಆದರೆ ನಮ್ಮ ಗುಣಕವಾದ ಒಂದೂ ಮೂರನೆಯ ಒಂದು, ಈ ಮೆಟ್ಟಿಲಿನ ಎತ್ತರಕ್ಕಿಂತ ಶೇಕಡಾ 6ರಷ್ಟು ದೊಡ್ಡದಾದುದರಿಂದ, ಪ್ರವಾಹವು ಯಾವಾಗಲೂ ಮುಂದಿನ ಮೆಟ್ಟಿಲನ್ನು ಸ್ವಲ್ಪವೇ ದಾಟಿ ನಿಲ್ಲುವುದು: 33 ಆಂಪಿಯರು 32ನ್ನು, 84 ಆಂಪಿಯರು 80ನ್ನು, 133 ಆಂಪಿಯರು 125ನ್ನು, 333 ಆಂಪಿಯರು 315ನ್ನು, 667 ಆಂಪಿಯರು 630ನ್ನು. ಆದುದರಿಂದ ಫಲಕವನ್ನು ನಿರ್ಧರಿಸುವವನ ಮುಂದೆ ಪ್ರತಿಯೊಂದು ಗಾತ್ರದಲ್ಲಿಯೂ ಒಂದೇ ಧರ್ಮಸಂಕಟವು ಎದುರಾಗುವುದು. ಕೆಳಗಿನ ಮೆಟ್ಟಿಲಿಗೆ ಇಳಿದು ಪರಿವರ್ತಕದ ಶೇಕಡಾ 6ರಷ್ಟು ಶಕ್ತಿಯನ್ನು ಬಿಟ್ಟುಕೊಡಬೇಕೆ, ಅಥವಾ ಮೇಲಿನದಕ್ಕೆ ಏರಿ ಪರಿವರ್ತಕದ ರಕ್ಷಣೆಯನ್ನು ಸಡಿಲಿಸಬೇಕೆ ಎಂಬುದೇ ಅದು. 

ಮೇಲಿನ ಮೆಟ್ಟಿಲು ಹತ್ತುವುದರಲ್ಲಿ ಎಷ್ಟು ಸಡಿಲವುಂಟೆಂಬುದನ್ನು ತಿಳಿಯಬೇಕಾದರೆ ಬ್ರೇಕರಿನ ಸ್ವಭಾವವನ್ನು ಅರಿಯಬೇಕು. ನೂರು ಆಂಪಿಯರೆಂದು ಬರೆದಿರುವ, ಎಂಸಿಸಿಬಿ ಎಂದು ಕರೆಯುವ ದೊಡ್ಡ ಬ್ರೇಕರು ನೂರ ಒಂದನೆಯ ಆಂಪಿಯರಿಗೆ ಬಿದ್ದುಬಿಡುವುದೆಂದು ಭಾವಿಸುವವರಿದ್ದಾರೆ. ಭಾರತೀಯ ಮಾನಕವು ಒಪ್ಪಿರುವ ನಿಯಮದಂತೆ ಅದು 105 ಆಂಪಿಯರಿಗೆ ಬೀಳಕೂಡದು. 130 ಆಂಪಿಯರಿಗೆ ಎರಡು ಗಂಟೆಗಳೊಳಗಾಗಿ ಬಿದ್ದರೆ ಸಾಕು. 63 ಕೆವಿಎಯ 84 ಆಂಪಿಯರಿಗೆ ಇಂಥ ನೂರರ ಬ್ರೇಕರನ್ನು ಹಾಗೆಯೇ ಹಾಕಿದಲ್ಲಿ ಪರಿವರ್ತಕವು ತನ್ನ ಶಕ್ತಿಯ ಒಂದೂವರೆಯಷ್ಟು ಹೊರೆಯನ್ನು ಎರಡು ಗಂಟೆಯ ಹೊತ್ತು ಹೊರಬೇಕಾಗಿ ಬಂದೀತು. ಎಣ್ಣೆ ತುಂಬಿದ ಪರಿವರ್ತಕವು ತಾಳ್ಮೆಯುಳ್ಳದ್ದು, ಅದರಲ್ಲಿಯೂ ಶನಿವಾರಸಂತೆಯ ಪುಷ್ಯಮಾಸದ ರಾತ್ರಿಗಳ ಚಳಿಯಲ್ಲಿ. ಆದರೂ ತಾಳ್ಮೆಯನ್ನು ನಂಬಿ ಲೆಕ್ಕ ಹಾಕುವುದು ತರವಲ್ಲ. ಬ್ರೇಕರಿನ ಮುಖದ ಮೇಲೆ ತಿರುಗಿಸುವ ಚಿಕ್ಕ ಗುಂಡಿಯೊಂದಿದ್ದು ಅದನ್ನು 0.85ಕ್ಕೆ ನಿಲ್ಲಿಸಿದರೆ ನೂರರದು 85 ಆಂಪಿಯರಿನದಾಗುವುದು. ಆಗ 110 ಆಂಪಿಯರಿಗೆ ಅದು ಎರಡು ಗಂಟೆಗಳೊಳಗೆ ಬೀಳಲೇಬೇಕು. ನೂರು ಕೆವಿಎಗೆ 160ರದನ್ನು ತಂದು ಹೀಗೆಯೇ ಇಳಿಸಬಹುದು. ಗುಂಡಿಯುಳ್ಳದ್ದು ಸಿಕ್ಕಿದರೆ ಮೇಲಿನ ಮೆಟ್ಟಿಲು, ಸಿಕ್ಕದಿದ್ದರೆ ಕೆಳಗಿನದು ಎಂಬುದು ನನ್ನ ನಿರ್ಣಯ. ಶೇಕಡಾ 6ನ್ನು ಕಳೆದುಕೊಂಡು ಕೆಟ್ಟ ತೋಟವನ್ನು ನಾನು ಕಂಡಿಲ್ಲ, ಸುಟ್ಟ ಟಿ.ಸಿ.ಗೆ ಬದಲಿ ಬರುವವರೆಗೆ ಕಾದ ತೋಟಗಳನ್ನು ಎಲ್ಲರೂ ಕಂಡಿರುವರು.

ಪರಿವರ್ತಕವೇ ಎಷ್ಟು ದೊಡ್ಡದಿರಬೇಕೆಂಬ ಹಿಂದಿನ ಪ್ರಶ್ನೆಗೆ ಇಲ್ಲಿ ಹಿಂದಿರುಗದೆ ವಿಧಿಯಿಲ್ಲ, ಏಕೆಂದರೆ ಅಲ್ಲಿ ತಪ್ಪಿದ ಲೆಕ್ಕವನ್ನು ಫಲಕದಲ್ಲಿ ಸರಿಪಡಿಸುವುದು ಅಶಕ್ಯ. ನೂರು ಎಕರೆಗೆ ಕಡಿಮೆಯ ಒಂದು ಕಲ್ಪಿತ ತೋಟವನ್ನು ತೆಗೆದುಕೊಳ್ಳೋಣ: ಕೆರೆಯಿಂದ ತುಂತುರು ನೀರಾವರಿಗೆ ಎತ್ತುವ 25 ಅಶ್ವಶಕ್ತಿಯ ಪಂಪು, ಒಣಗಿದ ಕಾಫಿಯ ಹೊಟ್ಟು ಬಿಡಿಸುವ 20ರದೊಂದು ಹಲ್ಲರು, 10ರದೊಂದು ಪಲ್ಪರು, ಬಾವಿಗೆ 5ರದೊಂದು, ಬಂಗಲೆಗೂ ಲೈನ್‌ಮನೆಗಳಿಗೂ ಕೂಡಿ 8 ಕಿಲೋವ್ಯಾಟು. ಮೋಟಾರುಗಳ ದಕ್ಷತೆಯನ್ನು ಶೇಕಡಾ 88 ಎಂದಿಟ್ಟರೆ ಒಟ್ಟು ಹೊರೆ 59 ಕಿಲೋವ್ಯಾಟಾಗಿ, 0.85ರ ಶಕ್ತಿಗುಣಾಂಕದಲ್ಲಿ 69 ಕೆವಿಎ ಆಗುವುದು. 63 ಸಾಲದು, 100 ಬೇಕು ಎಂಬ ತೀರ್ಮಾನಕ್ಕೆ ಗುತ್ತಿಗೆದಾರನು ಇಲ್ಲಿಯೇ ಬಂದುಬಿಡುವನು. ಆದರೆ ಕಾಫಿಯ ಪಂಚಾಂಗವನ್ನು ಬಲ್ಲವನು ಕೇಳಬೇಕಾದ ಪ್ರಶ್ನೆ ಬೇರೆಯದು: ಇವೆಲ್ಲವೂ ಯಾವ ತಿಂಗಳಿನಲ್ಲಿ ಒಟ್ಟಿಗೆ ಓಡುವುವು? ಅರೇಬಿಕದ ಹಣ್ಣು ನವೆಂಬರಿನಿಂದ ಜನವರಿಯವರೆಗೆ ಕೊಯ್ಲಾಗಿ ಪಲ್ಪರನ್ನು ಬೇಡುವುದು. ರೊಬಸ್ಟದ ಕೊಯ್ಲು ಜನವರಿಯಲ್ಲಿ ತೊಡಗಿ ಫೆಬ್ರವರಿಯನ್ನು ಹಾಯುವುದು. ಆ ಕೊಯ್ಲು ಮುಗಿಯುವಷ್ಟರಲ್ಲಿಯೇ, ಹೂಮಳೆ ಬಾರದೆ ಹೋದರೆ, ಗಿಡಕ್ಕೆ ಒಂದು ಒಂದೂವರೆ ಅಂಗುಲದ ತುಂತುರನ್ನು ಕೊಡಬೇಕಾಗುವುದು, ಕೊಟ್ಟ ಎಂಟುಹತ್ತು ದಿನಗಳಲ್ಲಿ ಹೂವರಳುವುದು. ಹಲ್ಲರು ಓಡುವುದು ಹಣ್ಣು ಒಣಗಿದ ಮೇಲೆ. ಅದಕ್ಕೆ ಮುಹೂರ್ತದ ಕಟ್ಟಳೆಯಿಲ್ಲ, ಪಂಪು ನಿಂತ ಹೊತ್ತಿಗೆ ಓಡಿಸಬಹುದು. ಹಲ್ಲರನ್ನು ಬಿಟ್ಟು ಲೆಕ್ಕ ಹಾಕಿದರೆ 42 ಕಿಲೋವ್ಯಾಟು, ಅಂದರೆ 49 ಕೆವಿಎ. 63ರ ಪರಿವರ್ತಕವು ನೆಮ್ಮದಿಯಿಂದ ಹೊರುವಷ್ಟು. ಎಲ್ಲವನ್ನೂ ಒಟ್ಟಿಗೆ ಓಡಿಸಲೇಬೇಕೆಂದು ಹಟಹಿಡಿದರೂ, ಫಲಕದಲ್ಲಿ ಕೆಪಾಸಿಟರುಗಳನ್ನು ಕೂರಿಸಿ ಶಕ್ತಿಗುಣಾಂಕವನ್ನು 0.95ಕ್ಕೆ ಏರಿಸಿದರೆ ಹೊರೆ 62 ಕೆವಿಎಗೆ ಇಳಿಯುವುದು. ಕೂದಲೆಳೆಯಷ್ಟು ಅಂತರವಾದರೂ ಅಂತರವೇ.

ಇಲ್ಲಿ ಒಂದು ಅಪವಾದವನ್ನು ಹೇಳಬೇಕಾಗಿದೆ. ಶನಿವಾರಸಂತೆಯ ಹೋಬಳಿಯು ದಕ್ಷಿಣ ಕೊಡಗಿನಂತೆ ಕಾಫಿಯೊಂದನ್ನೇ ನಂಬಿದ ಸೀಮೆಯಲ್ಲ. ಗದ್ದೆಬಯಲುಗಳಲ್ಲಿ ಶುಂಠಿಯನ್ನಿಟ್ಟು ಬೇಸಗೆಯುದ್ದಕ್ಕೂ ನೀರು ಹಾಯಿಸುವ ಪದ್ಧತಿಯು ಬೇರೂರಿರುವುದರಿಂದ, ಕಾಫಿಗೆ ಹೂನೀರು ಕೊಡುವ ವಾರಗಳಲ್ಲಿಯೇ ಶುಂಠಿಯ ಪಂಪೂ ಓಡಬೇಕಾಗುವುದು. ಗದ್ದೆಯನ್ನು ಶುಂಠಿಗೆ ಗೇಣಿಗೆ ಕೊಡುವ ಆಲೋಚನೆಯಿರುವ ಬೆಳೆಗಾರನು, ಬರಲಿರುವ ಗೇಣಿದಾರನ ಮೋಟಾರನ್ನೂ ಇಂದೇ ಎಣಿಸತಕ್ಕದ್ದು.

ಮೋಟಾರಿನ ಪ್ರಾರಂಭದ ಪ್ರವಾಹವನ್ನು ಬೇಗನೆ ಮುಗಿಸಿಬಿಡಬಹುದು. 25 ಅಶ್ವಶಕ್ತಿಯ ಮೋಟಾರಿಗೆ ಓಡುವಾಗ 35 ಆಂಪಿಯರು. ನೇರವಾಗಿ ಹೊಡೆದೆಬ್ಬಿಸಿದರೆ ಅದರ ಆರರಷ್ಟು, ಎಂದರೆ 210. ನಮ್ಮ ಪರಿವರ್ತಕಗಳ ಒಳತಡೆಯು ಶೇಕಡಾ 4.5ರಷ್ಟಿರುವುದರಿಂದ, 84 ಆಂಪಿಯರಿನ ಪರಿವರ್ತಕದಲ್ಲಿ ಇದು ವೋಲ್ಟನ್ನು ಶೇಕಡಾ 11ರಷ್ಟು ತಗ್ಗಿಸಿ ಬಂಗಲೆಯ ದೀಪಗಳನ್ನು ಕುಗ್ಗಿಸುವುದು; ಸ್ಟಾರ್-ಡೆಲ್ಟಾ ಸ್ಟಾರ್ಟರು ಪ್ರವಾಹವನ್ನು ಮೂರನೆಯ ಒಂದಕ್ಕೆ ಇಳಿಸಿ ಆ ಕುಸಿತವನ್ನು ಶೇಕಡಾ 4ರೊಳಗೆ ತರುವುದು. ಫಲಕವನ್ನು ದೊಡ್ಡದು ಮಾಡಿದರೆ ಈ ಕುಸಿತವು ಕಿಂಚಿತ್ತೂ ಕಡಿಮೆಯಾಗದೆಂಬುದನ್ನು ಮಾತ್ರ ಒತ್ತಿ ಹೇಳಬೇಕು.

ಎರಡನೆಯ ಪ್ರವಾಹ, ಎಂದರೆ ಪರಿವರ್ತಕದ ಬುಡದ ದೋಷಪ್ರವಾಹ, ಅದೇ 4.5ರ ಭಾಗಾಕಾರದಿಂದಲೇ ದೊರೆಯುವುದು. 84 ಆಂಪಿಯರನ್ನು 0.045ರಿಂದ ಭಾಗಿಸಿದರೆ ಸುಮಾರು 1,900 ಆಂಪಿಯರು, ನೂರು ಕೆವಿಎಗೆ ಮೂರು ಸಾವಿರ, 250ಕ್ಕೆ 7,400, 500ಕ್ಕೆ ಹದಿನೈದು ಸಾವಿರಕ್ಕೆ ಸಮೀಪ. ಮೇಲಿನ ಹನ್ನೊಂದು ಸಾವಿರ ವೋಲ್ಟಿನ ಜಾಲವನ್ನು ಅನಂತಶಕ್ತಿಯದೆಂದು ಭಾವಿಸಿ ಮಾಡಿದ ಲೆಕ್ಕವಿದು. ಉಪಕೇಂದ್ರದಿಂದ ಬೆಟ್ಟಗುಡ್ಡಗಳನ್ನು ಹತ್ತಿಳಿದು ಬರುವ ತಂತಿಯ ತುದಿಯಲ್ಲಿ ನಿಜವಾದ ಅಂಕಿ ಇದಕ್ಕಿಂತ ಕಡಿಮೆಯೇ ಆಗಿರುವುದು. ಮನೆಗಳಲ್ಲಿ ಬಳಸುವ ಸಾಮಾನ್ಯ ಎಂಸಿಬಿಯೇ ಹತ್ತು ಸಾವಿರ ಆಂಪಿಯರನ್ನು ಮುರಿಯಬಲ್ಲದಾಗಿರುವಾಗ, 63 ಕೆವಿಎಯ ತೋಟದ ಫಲಕಕ್ಕೆ ಐವತ್ತು ಸಾವಿರ ಆಂಪಿಯರು ಮುರಿಯುವ ಬ್ರೇಕರನ್ನು ಬೆಲೆಪಟ್ಟಿಯಲ್ಲಿ ಸೇರಿಸುವುದು ಬೆಳೆಗಾರನ ಅಜ್ಞಾನದ ಮೇಲೆ ಹಾಕಿದ ತೆರಿಗೆಯೆನ್ನದೆ ಗತ್ಯಂತರವಿಲ್ಲ. ನಗರದ ಕಾರ್ಖಾನೆಗಳಲ್ಲಿ, ಸಾವಿರಾರು ಕೆವಿಎಯ ಪರಿವರ್ತಕಗಳ ಪಕ್ಕದಲ್ಲಿ, ಆ ಸಾಮರ್ಥ್ಯಕ್ಕೆ ಅರ್ಥವುಂಟು; ಅಲ್ಲಿಯ ಅಭ್ಯಾಸವೇ ಬೆಲೆಪಟ್ಟಿಯಾಗಿ ಘಟ್ಟ ಹತ್ತಿ ಬಂದಿರುವುದು.

ಮೂರನೆಯದನ್ನು ಸಾವಕಾಶವಾಗಿ ನೋಡಬೇಕು. ಕಾಫಿ ತೋಟವೆಂಬುದು ಒಂದೆಡೆ ಕೂಡಿದ ಕಟ್ಟಡವಲ್ಲ. ಪರಿವರ್ತಕವು ರಸ್ತೆಯ ಮಗ್ಗುಲಲ್ಲಿ, ಬಂಗಲೆಯು ದಿಬ್ಬದ ಮೇಲೆ, ಲೈನ್‌ಮನೆಗಳು ಆಚೆಯ ಇಳಿಜಾರಿನಲ್ಲಿ, ಬಾವಿಯು ಇನ್ನೂ ತಗ್ಗಿನಲ್ಲಿ. ಫಲಕದಿಂದ ಮುನ್ನೂರು ಮೀಟರು ದೂರದ ಲೈನ್‌ಮನೆಗಳಿಗೂ ಬಾವಿಯ 5 ಅಶ್ವಶಕ್ತಿಯ ಪಂಪಿಗೂ ಸೇರಿ ಇಪ್ಪತ್ತು ಆಂಪಿಯರಿನ ಹೊರೆಯಿರುವುದೆಂದಿಟ್ಟುಕೊಂಡು, ವೋಲ್ಟು ಕುಸಿಯದಿರಲೆಂದು 35 ಚದರ ಮಿಲಿಮೀಟರಿನ ಮೂರೂವರೆ ಕೋರಿನ ಅಲ್ಯುಮಿನಿಯಂ ಕೇಬಲ್ಲನ್ನು ಎಳೆದಿರುವರೆನ್ನೋಣ. ಆ ಅರ್ಧ ಕೋರು, ಎಂದರೆ ನ್ಯೂಟ್ರಲ್, 16 ಚದರ ಮಿಲಿಮೀಟರಿನದು. ಫೇಸಿನಲ್ಲಿ ಹೋಗಿ ನ್ಯೂಟ್ರಲ್ಲಿನಲ್ಲಿ ಬರುವ ದಾರಿಯ ರೋಧವು 0.83 ಓಮಿನಷ್ಟಾಗಿ, ತುದಿಯಲ್ಲಿ ಅವೆರಡೂ ತಗುಲಿದಾಗ 250 ವೋಲ್ಟಿಗೆ ಹರಿಯುವುದು ಮುನ್ನೂರು ಆಂಪಿಯರಿಗೂ ಒಳಗೆ. ಪರಿವರ್ತಕದ ಬುಡದಲ್ಲಿ 1,900 ಇದ್ದದ್ದು ಇಲ್ಲಿ ಅದರ ಆರನೆಯ ಒಂದು ಪಾಲಾಯಿತು. ಮುಂದೆ ಬೇಕಾದೀತೆಂಬ ಔದಾರ್ಯದಿಂದ ಈ ಕವಲಿಗೆ ನೂರು ಆಂಪಿಯರಿನ ಬ್ರೇಕರನ್ನು ಹಾಕಿದ್ದರೆ, ಸಾಮಾನ್ಯವಾಗಿ ಹತ್ತರಷ್ಟು ಪ್ರವಾಹಕ್ಕೆ, ಎಂದರೆ ಸಾವಿರ ಆಂಪಿಯರಿಗೆ, ತಟ್ಟನೆ ಬೀಳುವಂತೆ ನಿಯಮಿತವಾದ ಅದರ ಕಾಂತಾಂಗವು ಈ ಮುನ್ನೂರನ್ನು ದೋಷವೆಂದೇ ಎಣಿಸದು. ಉಷ್ಣಾಂಗವು ಕಾದು ಬಾಗುವವರೆಗೆ ಹಲವು ಹತ್ತು ಸೆಕೆಂಡುಗಳು ಕಳೆದು, ಅಷ್ಟರಲ್ಲಿ ಹಂಚಿನ ಮಾಡಿನ ಕೆಳಗಣ ಹಳೆಯ ಮರದ ಪಟ್ಟಿಯ ವೈರಿಂಗು ಹೊತ್ತಿಕೊಂಡಿರುವುದು. ಕೆರೆ ದೊಡ್ಡದೆಂದು ತೂಬನ್ನು ಹಿಗ್ಗಿಸಿದವನು ಕಾಲುವೆಯ ಕೊನೆಯ ಗದ್ದೆಗೆ ಎಷ್ಟು ನೀರು ತಲುಪೀತೆಂದು ನೋಡದೆ ಹೋದಂತೆ ಇದು.

ಬ್ರೇಕರನ್ನು ಚಿಕ್ಕದು ಮಾಡಿದರೆ ಸಾಕೆ? 40 ಆಂಪಿಯರಿನ, ಸಿ ಜಾತಿಯ ಎಂಸಿಬಿಯು ತನ್ನ ಅಂಕಿಯ ಐದರಿಂದ ಹತ್ತರಷ್ಟರೊಳಗೆ, ಎಂದರೆ 200ಕ್ಕೂ 400ಕ್ಕೂ ನಡುವೆ ಎಲ್ಲಿಯಾದರೂ ತಟ್ಟನೆ ಬೀಳುವುದು; ನಮ್ಮ ಮುನ್ನೂರು ಆ ಸಂದಿಗ್ಧದ ನಟ್ಟನಡುವೆ ಬಂದು ಕುಳಿತಿರುವುದು. 25 ಅಥವಾ 32 ಆಂಪಿಯರಿನದಕ್ಕೆ ಇಳಿದರೆ ಸಂದೇಹವು ಬಹಳಮಟ್ಟಿಗೆ ಕಳೆಯುವುದು. ಅದಕ್ಕಿಂತ ಮೂಲಭೂತವಾದ ಪರಿಹಾರವು ಫಲಕದ ಹೊರಗಿರುವುದು: ಮೂರೂವರೆ ಕೋರಿಗೆ ಬದಲಾಗಿ ಸಮಗಾತ್ರದ ನಾಲ್ಕು ಕೋರಿನ ಕೇಬಲ್ಲನ್ನು ಎಳೆದರೆ ದಾರಿಯ ರೋಧವು 0.52 ಓಮಿಗೆ ತಗ್ಗಿ ದೋಷಪ್ರವಾಹವು 460ಕ್ಕೆ ಏರುವುದು, ಆಗ ನಲವತ್ತರದೂ ನಿಸ್ಸಂಶಯವಾಗಿ ಬೀಳುವುದು. ಇಂಥ ಸ್ಥಳಗಳಲ್ಲಿ ಹಣವು ದೊಡ್ಡ ಫಲಕಕ್ಕೆ ಹೋಗುವುದಕ್ಕಿಂತ ದಪ್ಪ ನ್ಯೂಟ್ರಲ್ಲಿಗೆ ಹೋಗುವುದು ಲೇಸು. ಫಲಕದ ಗಾತ್ರವನ್ನು ಕುರಿತು ನಾನು ಓದಿದ ಹಾಗೂ ಕೇಳಿದ ಉಪದೇಶಗಳಲ್ಲಿ ಬಹುಪಾಲು ಪರಿವರ್ತಕದಿಂದ ಹೊರಟು ಕೆಳಮುಖವಾಗಿ ಬರುವುವು. ಕಡೆಯ ಲೈನ್‌ಮನೆಯಿಂದ ಹೊರಟು ಮೇಲ್ಮುಖವಾಗಿ ಲೆಕ್ಕ ಹಾಕುವುದೇ ಈ ನೆಲಕ್ಕೆ ಒಪ್ಪುವ ಕ್ರಮ.

ಫೇಸು ನ್ಯೂಟ್ರಲ್ಲಿಗೆ ತಗುಲುವ ಬದಲು ಪಂಪಿನ ಮೈಗೆ ತಗುಲಿದರೆ ಪರಿಸ್ಥಿತಿಯು ಇನ್ನೂ ವಿಷಮವಾಗುವುದು. ಪಂಪಿನ ಬಳಿಯ ಭೂಸಂಪರ್ಕದ ರೋಧ ಐದು ಓಮು, ಪರಿವರ್ತಕದ ನ್ಯೂಟ್ರಲ್ಲಿನ ಭೂಸಂಪರ್ಕದ್ದು ಐದು ಓಮು ಎಂದಿಟ್ಟರೂ, ಮಣ್ಣಿನ ಮೂಲಕ ಹಿಂದಿರುಗುವ ಪ್ರವಾಹವು 25 ಆಂಪಿಯರು ಮಾತ್ರ. 32ರ ಬ್ರೇಕರಿಗೆ ಅದು ಸಾಧಾರಣ ಹೊರೆಯಂತೆಯೇ ತೋರುವುದು, ಪಂಪಿನ ಮೈ ಮಾತ್ರ 125 ವೋಲ್ಟಿನಲ್ಲಿ ಸುಮ್ಮನೆ ಕುಳಿತಿರುವುದು. ಜಂಬಿಟ್ಟಿಗೆ ಕಲ್ಲಿನ ಗುಡ್ಡಗಳಲ್ಲಿ ಬೇಸಗೆಯ ಕಾಲಕ್ಕೆ ಐದು ಓಮನ್ನು ಸಾಧಿಸುವುದೇ ಪ್ರಯಾಸ. ಆಷಾಢದ ಮಳೆಯಲ್ಲಿ ಅಳೆದು ತೃಪ್ತಿಪಟ್ಟವನು ಅದೇ ಕುಳಿಯನ್ನು ಚೈತ್ರದಲ್ಲಿ ಮತ್ತೊಮ್ಮೆ ಅಳೆಯತಕ್ಕದ್ದು. ನ್ಯೂಟ್ರಲ್ಲಿಗೆ ಎರಡು ಪ್ರತ್ಯೇಕ ಭೂಸಂಪರ್ಕಗಳು, ಮೂರು ಫೇಸಿನ ಯಂತ್ರದ ಮೈಗೂ ಎರಡು ಪ್ರತ್ಯೇಕ ಸಂಪರ್ಕಗಳು ಇರಬೇಕೆಂದು ಸುರಕ್ಷಾನಿಯಮಗಳು ವಿಧಿಸಿರುವುದು ಸುಮ್ಮನೆಯಲ್ಲ. ಆದರೂ ಮಣ್ಣನ್ನೇ ನಂಬದೆ, ಕೇಬಲ್ಲಿನ ಜೊತೆಗೆ ಒಂದು ಲೋಹದ ಪಟ್ಟಿಯನ್ನು ಪಂಪಿನಿಂದ ಪರಿವರ್ತಕದವರೆಗೆ ಹಿಂದಕ್ಕೆ ತರುವುದು ಮತ್ತು ಪ್ರತಿಯೊಂದು ದೂರದ ಕವಲಿಗೂ ಸೋರುಪ್ರವಾಹವನ್ನು ಗುರುತಿಸುವ ಆರ್‌ಸಿಸಿಬಿಯನ್ನು ಹಾಕುವುದು ಇಲ್ಲಿ ಅನಿವಾರ್ಯವೆಂದೇ ಹೇಳಬೇಕು. ಲೈನ್‌ಮನೆಗಳಿಗೆ 30 ಮಿಲಿಆಂಪಿಯರಿನದು, ಮೋಟಾರುಗಳಿಗೆ 100 ಅಥವಾ 300ರದು. ಬರಿಗಾಲಿನಲ್ಲಿ ಕೆಸರು ತುಳಿದು ಸ್ಟಾರ್ಟರನ್ನು ಒತ್ತುವ ಮನುಷ್ಯನಿಗೂ ಸಾವಿಗೂ ನಡುವೆ ಈ ಚಿಕ್ಕ ಸಾಧನವೊಂದೇ ಉಳಿದಿರುವ ಸಂದರ್ಭಗಳುಂಟು.

ಮುಂಗಾರಿನಲ್ಲಿ ಮರ ಬಿದ್ದು ಒಂದು ಡಿ.ಒ. ಫ್ಯೂಸು ಹೋಗುವುದು ಈ ಸೀಮೆಯ ನಿತ್ಯಾನುಭವ. ಪರಿವರ್ತಕದ ಮೇಲಿನ ಸುರುಳಿಗಳು ತ್ರಿಕೋನಾಕಾರದಲ್ಲಿ ಜೋಡಣೆಗೊಂಡಿರುವುದರಿಂದ, ಆಗ ಕೆಳಗಣ ಒಂದು ಫೇಸಿನಲ್ಲಿ 250 ವೋಲ್ಟು ಹಾಗೆಯೇ ನಿಂತು ಉಳಿದೆರಡರಲ್ಲಿ ಅದರ ಅರ್ಧದಷ್ಟು ಮಾತ್ರ ಉಳಿಯುವುದು. ದೀಪಗಳು ಮಂಕಾಗುವುವು, ಮೋಟಾರುಗಳು ತಿರುಗಲಾರದೆ ಗುಂಯ್‌ಗುಟ್ಟುತ್ತ ಕಾಯುವುವು. ಸಿಂಗಲ್ ಫೇಸ್ ಪ್ರಿವೆಂಟರ್ ಎಂಬ ಚಿಕ್ಕ ಪೆಟ್ಟಿಗೆಯು ಪ್ರತಿಯೊಂದು ಸ್ಟಾರ್ಟರಿನಲ್ಲಿಯೂ ಇರಬೇಕಾದದ್ದು ಇದಕ್ಕಾಗಿ. ಆದರೆ ಎರಡೇ ಫೇಸು ಇರುವಾಗಲೂ ಕಂಡೆನ್ಸರಿನ ಸಹಾಯದಿಂದ ಪಂಪನ್ನು ಓಡಿಸುವ ಕೌಶಲವು ನಮ್ಮ ಹಳ್ಳಿಗಳಲ್ಲಿ ಸರ್ವವಿದಿತವಾದುದರಿಂದ, ಹೊಸ ಫಲಕದಲ್ಲಿ ಮೊದಲು ಕಳಚಲ್ಪಡುವ ಭಾಗವೂ ಆ ಪೆಟ್ಟಿಗೆಯೇ. ನೀರಿಗಾಗಿ ಕಾತರಿಸುವವನನ್ನು ಇದಕ್ಕಾಗಿ ಬೈಯುವುದು ಸುಲಭ. ಹಾಗೆ ಓಡುವ ಮೋಟಾರು ಒಂದು ಫೇಸಿನ ಮೇಲೆ ಎಷ್ಟು ಹೆಚ್ಚಿನ ಹೊರೆಯನ್ನು ಹೇರುವುದೆಂಬುದನ್ನು ಅವನಿಗೆ ಮುಳ್ಳಿನ ಮಾಪಕದಲ್ಲಿ ತೋರಿಸುವುದು ಹೆಚ್ಚು ಪ್ರಯೋಜನಕಾರಿ.

ಪೆಟ್ಟಿಗೆಯ ವಿಚಾರ ಸಂಕ್ಷೇಪವಾಗಿ ಸಾಕು. ನಾಲ್ಕು ತಿಂಗಳ ಮಳೆಯಲ್ಲಿ ಗಾಳಿಯೇ ತೇವವಾಗಿರುವ ನಾಡಿಗೆ ಧೂಳೂ ನೀರ ತುಂತುರೂ ಒಳಸೇರದಂಥ ಐಪಿ 54 ದರ್ಜೆಗೆ ಕಡಿಮೆಯಿಲ್ಲದ ಪೆಟ್ಟಿಗೆ ಬೇಕು. ಕೇಬಲ್ಲು ಹೊಗುವ ತೂತುಗಳಿಗೆ ಗ್ಲ್ಯಾಂಡು ಹಾಕದೆ ಬಿಟ್ಟರೆ ಹಲ್ಲಿಯೂ ಇಲಿಯೂ ಒಳಗೆ ಸೇರಿ ಬಸ್‌ಬಾರಿನ ಮೇಲೆ ಪ್ರಾಣಬಿಡುವುವು, ಸಾಯುವಾಗ ಫಲಕವನ್ನೂ ಜೊತೆಗೊಯ್ಯುವುವು. ಅಲ್ಯುಮಿನಿಯಂ ಕೇಬಲ್ಲು ತಾಮ್ರದ ತುದಿಗೆ ಸೇರುವಲ್ಲಿ ದ್ವಿಲೋಹದ ಲಗ್ಗಿಲ್ಲದಿದ್ದರೆ ತೇವವು ಆ ಸಂಧಿಯನ್ನು ತಿನ್ನುವುದು, ತಿಂದ ಸಂಧಿಯು ಕಾಯುವುದು. ಪರಿವರ್ತಕಗಳ ಅಂಕಿಗಳು ಸಮುದ್ರಮಟ್ಟದಿಂದ ಸಾವಿರ ಮೀಟರಿನ ಎತ್ತರದವರೆಗೆ ಯಥಾವತ್ತಾಗಿ ಅನ್ವಯಿಸುವುವು; ಶನಿವಾರಸಂತೆಯ ನೆಲವು ಆ ಗೆರೆಯ ಆಸುಪಾಸಿನದಾದುದರಿಂದ ಆ ಕಡೆಯಿಂದ ಚಿಂತೆಗೆ ಕಾರಣವಿಲ್ಲ.

ಬಸ್‌ಬಾರಿನ ವಿಷಯದಲ್ಲಿ ಫಲಕ ಮಾಡುವವರು ಅಲ್ಯುಮಿನಿಯಮ್ಮಿಗೆ ಚದರ ಮಿಲಿಮೀಟರಿಗೆ 0.8 ಆಂಪಿಯರೆಂಬ ಸ್ಥೂಲನಿಯಮವನ್ನು ಪಾಲಿಸುವರು. ನಮ್ಮ 63 ಕೆವಿಎಯ ಫಲಕದ ನೂರು ಆಂಪಿಯರಿಗೆ 125 ಚದರ ಮಿಲಿಮೀಟರು ಬೇಕಾಗಿ, 20 ಅಗಲ 6 ದಪ್ಪದ ಪಟ್ಟಿಯು 120ರಲ್ಲಿಯೇ ನಿಲ್ಲುವುದರಿಂದ, 25ಕ್ಕೆ 6ರದು, ಎಂದರೆ 150ರದು ಗೊತ್ತಾಗುವುದು. ಅದು 120 ಆಂಪಿಯರನ್ನು ಹೊರಬಲ್ಲುದು. ಈ ಇಪ್ಪತ್ತು ಆಂಪಿಯರಿನ ಹೆಚ್ಚಳವು ಹಿಂದೆ ನಿರರ್ಥಕವೆನಿಸುತ್ತಿದ್ದಿತು. ಈಗ ಕಾಫಿ ಒಣಹಾಕುವ ಕಣದ ಪಕ್ಕದ ಗೋದಾಮುಗಳ ಮಾಡಿನ ಮೇಲೆ ಸೌರಫಲಕಗಳನ್ನು ಹೊದಿಸುವ ಕಾಲ ಬಂದಿರುವುದರಿಂದ ಅದಕ್ಕೆ ಅರ್ಥ ಬಂದಿದೆ. 20 ಕಿಲೋವ್ಯಾಟಿನ ಸೌರವ್ಯವಸ್ಥೆಯು ಮಧ್ಯಾಹ್ನದ ಹೊತ್ತು 28 ಆಂಪಿಯರನ್ನು ಅದೇ ಬಸ್‌ಬಾರಿಗೆ ಸುರಿಯುವುದು. ಪರಿವರ್ತಕದ ಕಡೆಯಿಂದ ಬರುವುದನ್ನು ಕಾಯುವ ದೊಡ್ಡ ಬ್ರೇಕರಿಗೆ ಈ ಇಪ್ಪತ್ತೆಂಟು ಕಾಣುವುದೇ ಇಲ್ಲ. ಗುಂಡಿಯು 0.85ರಲ್ಲಿ ನಿಂತಿದ್ದರೆ ಎರಡೂ ಕೂಡಿ 113 ಆಂಪಿಯರಾಗಿ ಪಟ್ಟಿಯ ಮಿತಿಯೊಳಗೆ ಅಡಗುವುವು. ಶುಂಠಿಗೆ ನೀರು ಹಾಯಿಸುವ ಅವಸರದಲ್ಲಿ ಯಾರಾದರೂ ಅದನ್ನು ಪೂರ್ಣಕ್ಕೆ ತಿರುಗಿಸಿಬಿಟ್ಟರೆ 128 ಆಗಿ, ಯಾವ ಬ್ರೇಕರೂ ಬೀಳದೆಯೇ ಪಟ್ಟಿಯು ಕಾಯತೊಡಗುವುದು. ಸೌರದ ಕವಲನ್ನು ಬಸ್‌ಬಾರಿನಲ್ಲಿ ದೊಡ್ಡ ಬ್ರೇಕರಿಗೆ ಎದುರಾದ ತುದಿಗೆ ಸೇರಿಸಿ, ಹೊರಹೋಗುವ ಕವಲುಗಳನ್ನು ಎರಡರ ನಡುವೆ ಹಂಚಿದರೆ, ಪಟ್ಟಿಯ ಯಾವ ಒಂದು ತುಂಡಿನಲ್ಲಿಯೂ ಎರಡು ಪ್ರವಾಹಗಳೂ ಪೂರ್ತಿಯಾಗಿ ಕೂಡಿಕೊಳ್ಳವು. ಅಷ್ಟರ ಮೇಲೆ ಆ ಗುಂಡಿಯ ಮೇಲೆ ಪಾರದರ್ಶಕವಾದ ಮುಚ್ಚಳವನ್ನಿಟ್ಟು, ಮಾಪಕದ ಪೆಟ್ಟಿಗೆಗೆ ನಿಗಮದವರು ಮಾಡುವಂತೆಯೇ, ಸೀಸದ ಮುದ್ರೆಯೊಂದನ್ನು ಒತ್ತಿಸುವುದು ಬೆಳೆಗಾರನಿಗೆ ಒಂದು ಹೊತ್ತಿನ ಕೆಲಸ.